ನೊರೆನೀರಿಗೆ ಗಿಡ್ಡ ಕೆನೂ: ಎಂಟು ಅಡಿಯದೋ, ಒಂಬತ್ತರದೋ, ಹನ್ನೊಂದರದೋ?

ಒಬ್ಬರೇ ಮಂಡಿಯೂರಿ ಕೂತು, ಒಂದೇ ಅಲಗಿನ ಹುಟ್ಟು ಹಿಡಿದು ರ‍್ಯಾಪಿಡ್ ಇಳಿಸುವ ತೆರೆದ ಕೆನೂವಿಗೆ ಓಸಿ-1 ಎಂದು ಹೆಸರು; ಹೊಳೆ ಬಂಡೆಗಳ ನಡುವೆ ನೊರೆಯೆದ್ದು ರಭಸದಿಂದ ಇಳಿಯುವ ಜಾಗವೇ ರ‍್ಯಾಪಿಡ್. ಕಯಾಕಿಗಿರುವ ಮುಚ್ಚಿಗೆ ಇದಕ್ಕಿಲ್ಲ. ಅಲೆ ಎದ್ದರೆ ನೀರು ನೇರವಾಗಿ ಮಡಿಲಿಗೆ ಬರುತ್ತದೆ. ಕೊಳ್ಳಲು ಹೊರಟವರು ಮೊದಲು ಕೇಳುವುದು ಉದ್ದ ಎಷ್ಟು ಅಂತ. ಉದ್ದ ಮುಖ್ಯವೇ, ಆದರೆ ನಮ್ಮ ಲೆಕ್ಕದಲ್ಲಿ ಅದಕ್ಕೆ ಮೂರನೆಯ ಸ್ಥಾನ. ಮೊದಲು ನೋಡಬೇಕಾದದ್ದು ದೋಣಿಯ ಅಡಿಯೂ ಪಕ್ಕವೂ ಕೂಡುವ ಮೂಲೆ ದುಂಡಗಿದೆಯೋ ಚೂಪಾಗಿದೆಯೋ ಎಂಬುದನ್ನು. ಆಮೇಲೆ, ಒಳಗೆ ಬಂದ ನೀರು ನಿಲ್ಲಲು ಎಷ್ಟು ಜಾಗ ಉಳಿದಿದೆ ಎಂಬುದನ್ನು. ಈ ಎರಡನ್ನು ಬಿಟ್ಟು ಬರೀ ಅಡಿ-ಇಂಚು ನೋಡಿ ತಂದ ದೋಣಿ ಬಹಳ ಸಲ ಗ್ಯಾರೇಜಿನಲ್ಲೇ ಉಳಿದುಬಿಡುತ್ತದೆ.

ಈ ಆಟ ಬೇರೂರಿರುವುದು ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ, ಕೆನಡಾದ ಒಂಟಾರಿಯೊ-ಕ್ವಿಬೆಕ್‌ಗಳಲ್ಲಿ, ಒಂದಿಷ್ಟು ಬ್ರಿಟನ್ನಿನಲ್ಲಿ. ಅಟ್ಲಾಂಟ, ಷಾರ್ಲೆಟ್, ಟೊರಾಂಟೊ ಕಡೆ ನೆಲೆಸಿರುವ ಕನ್ನಡಿಗರಿಗೆ ಓಕೋಯಿ, ನಾಂಟಹೇಲ, ಮ್ಯಾಡವಾಸ್ಕ ಹೊಳೆಗಳು ಅರ್ಧ ದಿನದೊಳಗಿನ ದಾರಿ. ಅವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮೂಲೆ

ದೋಣಿಯನ್ನು ಕವುಚಿ ಹಾಕಿ, ನಡುಭಾಗದಲ್ಲಿ ಅಡಿಯಿಂದ ಪಕ್ಕದವರೆಗೆ ಅಂಗೈ ಸವರಿ ನೋಡಿ. ಕೈ ಎಲ್ಲೂ ತಡೆಯದೆ ಜಾರಿಕೊಂಡು ಹೋದರೆ ದುಂಡು ಮೂಲೆ. ಒಂದು ಕಡೆ ಗಕ್ಕನೆ ತಿರುಗಿದರೆ ಚೂಪು ಮೂಲೆ. ಇಷ್ಟು ಸಣ್ಣ ವ್ಯತ್ಯಾಸ ನೀರಿನಲ್ಲಿ ಏನು ಮಾಡುತ್ತದೆ ಎಂದು ತಿಳಿಯಲು ಎಡ್ಡಿಯಿಂದ ಹೊರಬೀಳುವ ಆ ಎರಡು ಸೆಕೆಂಡನ್ನು ಗಮನಿಸಿದರೆ ಸಾಕು.

ಬಂಡೆಯ ಮರೆಯಲ್ಲಿ ನೀರು ಹಿಮ್ಮುಖವಾಗಿ ಸುತ್ತುವ ಜಾಗವೇ ಎಡ್ಡಿ. ಅಲ್ಲಿಂದ ಮೂತಿಯನ್ನು ಮುಖ್ಯ ಸೆಳವಿಗೆ ಚಾಚಿದ ಕೂಡಲೇ ಮೇಲಿನಿಂದ ಬರುವ ನೀರು ದೋಣಿಯ ಒಂದು ಪಕ್ಕಕ್ಕೆ ಬಡಿಯುತ್ತದೆ. ನೀರು ಬರುವ ಕಡೆಯ ಪಕ್ಕವನ್ನು ಎತ್ತಿ, ನೀರು ಹೋಗುವ ಕಡೆಗೆ ದೋಣಿಯನ್ನು ವಾಲಿಸಿ ಹಿಡಿದಿದ್ದರೆ ಸೆಳವು ಅಡಿಯಿಂದ ಹಾದುಹೋಗುತ್ತದೆ, ದೋಣಿ ಚೆಂದವಾಗಿ ತಿರುಗುತ್ತದೆ. ವಾಲಿಸುವುದು ಅರೆಕ್ಷಣ ತಡವಾಯಿತು ಅನ್ನಿ. ಚೂಪು ಮೂಲೆ ಸೆಳವಿನೊಳಗೆ ಸಿಕ್ಕಿಕೊಳ್ಳುತ್ತದೆ, ನೀರು ಅದನ್ನು ಕೆಳಕ್ಕೆ ಎಳೆಯುತ್ತದೆ, ನೀವು ನೀರು ಬರುವ ಕಡೆಗೇ ಮಗುಚಿಕೊಳ್ಳುತ್ತೀರಿ. ಹುಟ್ಟು ಆ ಕಡೆ ಇರದಿದ್ದರೆ ತಡೆಯಲು ಏನೂ ಉಳಿಯುವುದಿಲ್ಲ. ದುಂಡು ಮೂಲೆಯ ದೋಣಿ ಅದೇ ತಪ್ಪಿಗೆ ಒಂದಿಷ್ಟು ಪಕ್ಕಕ್ಕೆ ಜಾರಿ, ತಿದ್ದಿಕೊಳ್ಳಲು ಸಮಯ ಕೊಡುತ್ತದೆ.

ಹಾಗಂತ ಚೂಪು ಮೂಲೆ ಕೆಟ್ಟದ್ದಲ್ಲ. ಸೆಳವಿಗೆ ಅಡ್ಡಲಾಗಿ ಒಂದು ದಡದಿಂದ ಇನ್ನೊಂದಕ್ಕೆ ದಾಟುವಾಗ ಆ ಮೂಲೆ ರೇಖೆ ಬಿಡದೆ ಹಿಡಿದುಕೊಳ್ಳುತ್ತದೆ. ಅಲೆಯ ಮೇಲೆ ನಿಂತು ಆಡುವಾಗ ವಾಲಿಸಿದ ಕಡೆಗೆ ತಾನಾಗಿ ಕೊರೆದುಕೊಂಡು ಹೋಗುತ್ತದೆ. ಎಡ್ಡಿಯೊಳಗೆ ನುಗ್ಗಿದಾಗ ಹಿಂತುದಿ ಕೊಚ್ಚಿಹೋಗದೆ ಗಟ್ಟಿಯಾಗಿ ಕೂರುತ್ತದೆ. ವಾಲಿಸುವುದು ಮೈಗೆ ಹತ್ತಿದವರಿಗೆ ದುಂಡು ದೋಣಿ ಆಮೇಲೆ ಸಪ್ಪೆ ಅನ್ನಿಸುವುದೂ ಉಂಟು.

ಕೆರೆಯಲ್ಲಿ ಪರೀಕ್ಷಿಸಿ ಕೊಳ್ಳುವವರು ಇಲ್ಲೇ ಮೋಸ ಹೋಗುತ್ತಾರೆ. ಸಪಾಟು ಅಡಿ, ಚೂಪು ಮೂಲೆಯ ದೋಣಿ ನಿಂತ ನೀರಿನಲ್ಲಿ ನೆಲದ ಮೇಲಿಟ್ಟಷ್ಟು ಭದ್ರವಾಗಿರುತ್ತದೆ. ದುಂಡಗಿನದು ಹತ್ತಿದ ಕೂಡಲೇ ಅಲುಗಾಡುತ್ತದೆ. ಹೊಳೆಗೆ ಇಳಿದ ಮೇಲೆ ಇದು ತಿರುವುಮುರುವು: ದುಂಡಗಿನದು ವಾಲಿದಷ್ಟೂ ನಿಧಾನವಾಗಿ ಎದುರು ಒತ್ತುತ್ತಾ ಬರುತ್ತದೆ, ಸಪಾಟಿನದು ಒಂದು ಮಿತಿಯವರೆಗೆ ಜಗ್ಗದೆ ನಿಂತು ಆಮೇಲೆ ಒಮ್ಮೆಲೇ ಬೀಳಿಸುತ್ತದೆ. ಆದ್ದರಿಂದ ಕೆರೆಯಲ್ಲಿ ನೇರ ಕೂತು ನೋಡಿದರೆ ಸಾಲದು. ಒಂದು ಮಂಡಿಯ ಮೇಲೆ ಪೂರ್ತಿ ಭಾರ ಹಾಕಿ, ಅಂಚಿನ ಕಂಬಿಯವರೆಗೆ ನೀರು ಬರುವಂತೆ ವಾಲಿಸಿ, ಹತ್ತು ಎಣಿಸುವವರೆಗೆ ಹಾಗೇ ಹಿಡಿಯಿರಿ. ಹಿಡಿಯಲಾಗದಿದ್ದರೆ ಆ ದೋಣಿ ಸದ್ಯಕ್ಕೆ ನಿಮ್ಮದಲ್ಲ.

ಮೂಲೆಯ ಜೊತೆ ನೋಡಬೇಕಾದ ಇನ್ನೊಂದು ಆಕಾರ ರಾಕರ್, ಅಂದರೆ ಮೂತಿಯೂ ಹಿಂತುದಿಯೂ ನಡುಭಾಗಕ್ಕಿಂತ ಎಷ್ಟು ಮೇಲೆದ್ದಿವೆ ಎಂಬುದು. ಸಪಾಟು ನೆಲದ ಮೇಲಿಟ್ಟು ತುದಿಯ ಕೆಳಗೆ ಸ್ಕೇಲ್ ಹಿಡಿದರೆ ಗೊತ್ತಾಗುತ್ತದೆ. 4ರಿಂದ 6 ಇಂಚು ಇದ್ದರೆ ನೊರೆನೀರಿಗೆ ಸರಿ. ಅದಕ್ಕಿಂತ ಕಡಿಮೆಯಿದ್ದರೆ ಜಿಗಿತದ ಬುಡದಲ್ಲಿ ಮೂತಿ ಮುಳುಗಿ ನೀರು ಮೊಗೆದುಕೊಳ್ಳುತ್ತದೆ.

ಮೂರು ಗುಂಪು

ಮೊದಲ ಗುಂಪು 11–12 ಅಡಿಯವು. 1990ರ ದಶಕದಲ್ಲಿ ಓಸಿ-1 ಎಂದರೆ ಇವೇ. ಮ್ಯಾಡ್ ರಿವರ್ ಔಟ್‌ರೇಜ್, ಮೊಹಾಕ್ ಪ್ರೋಬ್ 12, ಡ್ಯಾಗರ್ ಓಕೋಯಿ ಈ ಗುಂಪಿನ ಪರಿಚಿತ ಹೆಸರುಗಳು. ಹೆಚ್ಚಿನವನ್ನು ರಾಯಲೆಕ್ಸ್ ಎಂಬ ಪದರಪದರವಾದ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಿದ್ದರು. ಇವತ್ತು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹುಡುಕಬೇಕು. ಒಂದೇ ಕಾಲದ ಔಟ್‌ರೇಜ್ ಮತ್ತು ಓಕೋಯಿ ಎರಡನ್ನೂ ಒಂದೇ ದಿನ ಓಡಿಸಿದರೆ ಮೇಲೆ ಹೇಳಿದ ಮೂಲೆಯ ವಿಚಾರ ಕೈಗೇ ಗೊತ್ತಾಗುತ್ತದೆ. ಔಟ್‌ರೇಜ್ ದುಂಡು, ಕ್ಷಮಿಸುವ ಸ್ವಭಾವದ್ದು, ಮುಂದಕ್ಕೆ ಸರಾಗವಾಗಿ ಓಡುತ್ತದೆ. ಓಕೋಯಿ ಚೂಪು, ಚುರುಕು, ವಾಲಿಸದೆ ಕೂತವರನ್ನು ಈಜಿಸುತ್ತದೆ. ಉದ್ದದಲ್ಲಿ ಇವೆರಡರ ನಡುವೆ ಒಂದು ಅಡಿಯ ಆಚೀಚೆ ಅಷ್ಟೇ ಅಂತರ.

ಎರಡನೆಯದು 9 ಅಡಿಯ ಆಸುಪಾಸಿನವು. ಕ್ವಿಬೆಕ್‌ನ ಎಸ್ಕಿಫ್ ಕಂಪನಿಯ ಲೆಡ್ಜ್, ಬ್ರಿಟನ್ನಿನ ಸಿಲ್ವರ್‌ಬರ್ಚ್‌ನವರ ಕೋವರ್ಟ್ 9.3, ಅಮೆರಿಕದ ಬ್ಲ್ಯಾಕ್‌ಫ್ಲೈನವರ ಆಕ್ಟೇನ್ 91. ಲೆಡ್ಜ್‌ನಲ್ಲಿ ಹಗುರ ಮೈಯವರಿಗೆಂದು ಲೆಡ್ಜ್ ಲೈಟ್ ಎಂಬ ಚಿಕ್ಕ ಅಚ್ಚೂ ಇದೆ. ಇವುಗಳ ಆಕಾರದಲ್ಲಿ ಕಯಾಕ್‌ನಿಂದ ಕಲಿತದ್ದು ಬಹಳ ಕಾಣಿಸುತ್ತದೆ: ಅಡಿ ಹೆಚ್ಚುಕಡಿಮೆ ಸಪಾಟು, ಮೂಲೆ ಸ್ಪಷ್ಟ, ತುದಿಗಳು ಎತ್ತರಕ್ಕೆ ಎದ್ದು ನೀರನ್ನು ಆಚೆ ತಳ್ಳುವಂಥವು.

ಮೂರನೆಯದು 8ರಿಂದ 8.5 ಅಡಿ. ಎಸ್ಕಿಫ್ ಟಾರೊ, ಆಕ್ಟೇನ್ 85 ಈ ಬಗೆಯವು. ಬಂಡೆ ತುಂಬಿದ ಕಡಿದಾದ ಹಳ್ಳಗಳಲ್ಲಿ, ಎರಡು ಬಂಡೆಗಳ ನಡುವೆ ದೋಣಿಯುದ್ದದಷ್ಟೇ ಜಾಗವಿರುವ ಕಡೆ ಇವಕ್ಕೆ ನಿಜವಾದ ಬೆಲೆ.

ಗಿಡ್ಡವಾದಷ್ಟೂ ನಿಧಾನ ಎನ್ನುವ ಮಾತು ನಿಜ, ಆದರೆ ಕಾರಣ ಎಲ್ಲರೂ ಅಂದುಕೊಂಡದ್ದಲ್ಲ. ನೀರು ಸೀಳಿ ಹೋಗುವ ದೋಣಿಯ ವೇಗದ ಮಿತಿ ನೀರಿಗೆ ತಾಗಿದ ಉದ್ದದ ವರ್ಗಮೂಲಕ್ಕೆ ಅನುಗುಣ. ಆ ಲೆಕ್ಕದಲ್ಲಿ 12 ಅಡಿಯದಕ್ಕಿಂತ 9 ಅಡಿಯದು ಶೇಕಡ 13ರಷ್ಟು ಮಾತ್ರ ಹಿಂದೆ ಬೀಳಬೇಕು. ನಿಜವಾಗಿ ಬೀಳುವುದು ಅದಕ್ಕಿಂತ ಹೆಚ್ಚು. ಒಂದೇ ಪಕ್ಕ ಹುಟ್ಟು ಹಾಕುವಾಗ ಪ್ರತಿ ಎಳೆತವೂ ಮೂತಿಯನ್ನು ಇನ್ನೊಂದು ಪಕ್ಕಕ್ಕೆ ತಿರುಗಿಸುತ್ತದೆ. ತುಂಗಭದ್ರೆಯಲ್ಲಿ ಹರಿಗೋಲು ಹುಟ್ಟು ಹಾಕಿದ ಕಡೆಯಿಂದ ಗಿರಗಿರನೆ ಸುತ್ತುವುದನ್ನು ನೋಡಿದವರಿಗೆ ಇದು ಹೊಸದಲ್ಲ; ಕೆನೂ ಗಿಡ್ಡವಾದಷ್ಟೂ ಆ ಗುಣಕ್ಕೆ ಹತ್ತಿರ ಬರುತ್ತದೆ. ಪ್ರತಿ ಎಳೆತದ ಕೊನೆಗೆ ಹುಟ್ಟನ್ನು ಹೊರಳಿಸಿ ದಿಕ್ಕು ತಿದ್ದಿದರೆ, ಆ ತಿದ್ದುವಿಕೆ ದೋಣಿಗೆ ಬ್ರೇಕ್ ಹಾಕಿದ ಹಾಗೆಯೇ. ಅನುಭವಿಗಳು ಇದನ್ನು ತಪ್ಪಿಸುವುದು ಹೀಗೆ: ದೋಣಿಯನ್ನು ಹುಟ್ಟಿನ ಪಕ್ಕಕ್ಕೆ ಸ್ವಲ್ಪ ವಾಲಿಸಿಟ್ಟು, ಎಳೆತವನ್ನು ಮಂಡಿಯ ಮುಂದಕ್ಕೆ ಚಾಚಿ ಶುರುಮಾಡಿ ತೊಡೆಯ ಹತ್ತಿರ ಬರುವ ಮುಂಚೆಯೇ ಮುಗಿಸುತ್ತಾರೆ, ನಡುನಡುವೆ ಕೈ ಬದಲಿಸದೆ ಸೊಂಟ ತಿರುಗಿಸಿ ಇನ್ನೊಂದು ಪಕ್ಕದಲ್ಲೂ ಎಳೆಯುತ್ತಾರೆ. ಗಿಡ್ಡ ದೋಣಿ ಬೇಕು ಅನ್ನುವವರು ಮೊದಲು ಈ ಎಳೆತ ಕಲಿಯಲಿ. ಇಲ್ಲದಿದ್ದರೆ ನಡುವಿನ ಮಡುಗಳಲ್ಲೇ ತೋಳು ಸೋತು, ರ‍್ಯಾಪಿಡ್ ಬರುವ ಹೊತ್ತಿಗೆ ಬಲ ಉಳಿದಿರುವುದಿಲ್ಲ.

ಗಿಡ್ಡದರ ಲಾಭವೂ ಅಷ್ಟೇ ದೊಡ್ಡದು. ಎರಡು ಎಳೆತಕ್ಕೆ ವೇಗ ಹಿಡಿಯುತ್ತದೆ, ಕಾರಿನ ಅಗಲದ ಎಡ್ಡಿಗೂ ಹಿಡಿಸುತ್ತದೆ. ಬಂಡೆಯ ಅಂಚಿನಿಂದ ಮೂತಿ ಎತ್ತಿ ಹಾರಿಸಿ ಅಡಿ ಸಪಾಟಾಗಿ ಇಳಿಸುವ ಬೂಫ್ ಒಂದೇ ಬಲವಾದ ಎಳೆತಕ್ಕೆ ಸಾಧ್ಯವಾಗುತ್ತದೆ. ಇನ್ನೊಂದು ವಿಷಯ ಸುರಕ್ಷತೆಯದು. ಅಡ್ಡಲಾಗಿ ಬಂಡೆಗೆ ಬಡಿದು ನೀರು ತುಂಬಿಕೊಂಡ 12 ಅಡಿಯ ದೋಣಿಯ ಎರಡೂ ತುದಿಗಳನ್ನು ಸೆಳವು ಹಿಂದಕ್ಕೆ ಒತ್ತಿ, ಬಂಡೆಯ ಸುತ್ತ ಮಡಚಿಬಿಡಬಲ್ಲದು. ಗಿಡ್ಡ ದೋಣಿಯಲ್ಲಿ ಆ ಸನ್ನೆಯ ತೋಳೇ ಚಿಕ್ಕದು, ಜೊತೆಗೆ ಎರಡು ಬಂಡೆಗಳಿಗೆ ಒಟ್ಟಿಗೆ ತಾಗುವ ಸಂಭವವೂ ಕಡಿಮೆ.

ಮೈತೂಕ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 9 ಅಡಿಯ ದೋಣಿ ನೀರಿಗೆ ತಾಗುವ ಹರವು ಸುಮಾರು ಒಂದು ಚದರ ಮೀಟರ್. ಅಂದರೆ ಹೆಚ್ಚಿದ ಪ್ರತಿ 10 ಕೆಜಿಗೆ ದೋಣಿ ಸುಮಾರು 1 ಸೆಂ.ಮೀ. ಕೆಳಗಿಳಿಯುತ್ತದೆ. 65 ಕೆಜಿಯವರಿಗೂ 95 ಕೆಜಿಯವರಿಗೂ ನಡುವೆ 3 ಸೆಂ.ಮೀ. ಕಡಿಮೆ ಅನ್ನಿಸಬಹುದು, ಆದರೆ ಅಲೆ ಒಳಗೆ ಬರುವುದೋ ಆಚೆ ಹೋಗುವುದೋ ಎಂದು ತೀರ್ಮಾನವಾಗುವುದು ಅಷ್ಟರಲ್ಲೇ. 12 ಅಡಿಯದರಲ್ಲಿ ಅದೇ ವ್ಯತ್ಯಾಸ 2 ಸೆಂ.ಮೀ. ಆಸುಪಾಸು. 90 ಕೆಜಿ ಮೀರಿದವರು 8.5 ಅಡಿಯದನ್ನು ಕೊಳ್ಳುವ ಮುಂಚೆ ಪೂರ್ತಿ ಸಜ್ಜಾಗಿ ಅದರಲ್ಲಿ ಒಮ್ಮೆ ಕೂತು ನೋಡಲೇಬೇಕು. 60 ಕೆಜಿಯವರು ದೊಡ್ಡ ಗಾತ್ರದ 9 ಅಡಿಯದರಲ್ಲಿ ಕೂತರೆ ತೊಂದರೆ ಉಲ್ಟಾ: ಮೂಲೆ ನೀರನ್ನು ಮುಟ್ಟುವಷ್ಟು ವಾಲಿಸಲು ಭಾರ ಸಾಲದು, ದೋಣಿ ಮೇಲ್ಮೈಯಲ್ಲೇ ತೇಲುತ್ತಾ ಮಾತು ಕೇಳುವುದಿಲ್ಲ.

ಒಳಗೆ ಬಂದ ನೀರು

ನೀರು ತುಂಬದಿರಲೆಂದು ದೋಣಿಯ ಎರಡೂ ತುದಿಗಳಲ್ಲಿ ಗಾಳಿಚೀಲ ಹಾಕಿದ ಮೇಲೂ ಕೂರುವವರ ಸುತ್ತ ಒಂದು ಗುಂಡಿ ಉಳಿಯುತ್ತದೆ. ಅದು 80 ಸೆಂ.ಮೀ. ಉದ್ದ, 60 ಅಗಲ, 35 ಆಳ ಎಂದಿಟ್ಟುಕೊಂಡರೆ 168 ಲೀಟರ್. ಸ್ಯಾಡಲ್ (ಮಂಡಿಯೂರಿದಾಗ ಕಾಲುಗಳ ನಡುವೆ ಇರುವ ಫೋಮಿನ ಪೀಠ) ಮತ್ತು ನಿಮ್ಮ ಕಾಲು ಹಿಡಿದ ಜಾಗ ಕಳೆದರೂ 100 ಲೀಟರ್ ಮಿಕ್ಕುತ್ತದೆ. ಅಂದರೆ ತುಂಬಿದಾಗ 100 ಕೆಜಿ, ಅದೂ ಅತ್ತಿತ್ತ ಹೊಯ್ದಾಡುವ 100 ಕೆಜಿ. ಎಡಕ್ಕೆ ವಾಲಿದರೆ ಅಷ್ಟೂ ಎಡಕ್ಕೆ ನುಗ್ಗಿ ಮಗುಚುತ್ತದೆ. ಈ ಗುಂಡಿಯನ್ನು 10 ಸೆಂ.ಮೀ. ಗಿಡ್ಡ ಮಾಡಿದರೆ 21 ಲೀಟರ್ ಕಮ್ಮಿಯಾಗುತ್ತದೆ. ದೋಣಿ ಹೋಲಿಸುವಾಗ ಟೇಪು ಹಿಡಿದು ಮೊದಲು ಅಳೆಯಬೇಕಾದದ್ದು ಇದನ್ನೇ. ಹಳೆಯ 12 ಅಡಿಯದರಲ್ಲಿ ಚಿಕ್ಕ ಚೀಲ ಹಾಕಿ ದೊಡ್ಡ ಗುಂಡಿ ಬಿಟ್ಟಿದ್ದರೆ ದೋಣಿಯನ್ನು ಬೈಯಬೇಡಿ, ದೊಡ್ಡ ಚೀಲ ತನ್ನಿ.

ಚೀಲಗಳನ್ನು ಹಿಡಿದಿಡುವುದು ಅಂಚಿನ ಕೆಳಗೆ 5–8 ಸೆಂ.ಮೀ.ಗೊಂದು ತೂತು ಕೊರೆದು ಅಡ್ಡಡ್ಡ ಹೆಣೆದ 3–4 ಮಿ.ಮೀ. ನೈಲಾನ್ ಹಗ್ಗ. ಹೆಣಿಗೆಯ ಮೇಲೆ ಉದ್ದುದ್ದ ಒಂದು ಪಟ್ಟಿಯೂ ಬೇಕು, ಇಲ್ಲವಾದರೆ ಮಗುಚಿದಾಗ ಚೀಲ ಹೆಣಿಗೆಯ ಅಡಿಯಿಂದ ನಡುಭಾಗಕ್ಕೆ ಜಾರಿ ಬರುತ್ತದೆ. ಹಗ್ಗ ಸಡಿಲವಾಗಿ ಜೋತುಬಿದ್ದರೆ ಕಾಲೋ ಕೈಯೋ ಸಿಕ್ಕಿಕೊಳ್ಳುವ ಅಪಾಯ ಬೇರೆ. ಚೀಲ ಹರಿಯುವುದು ಹೆಚ್ಚಾಗಿ ಹೊಳೆಯಲ್ಲಲ್ಲ, ಕಾರಿನ ಮೇಲೆ. 20 ಡಿಗ್ರಿಯ ಬೆಳಗಿನಲ್ಲಿ ಬಿಗಿಯಾಗಿ ಊದಿದ ಗಾಳಿ ಬಿಸಿಲಿಗೆ 50 ಡಿಗ್ರಿಗೆ ಏರಿದರೆ ಶೇಕಡ 10ರಷ್ಟು ಹಿಗ್ಗುತ್ತದೆ, ಹೊಲಿಗೆ ಬಿಡುತ್ತದೆ. ಪ್ರಯಾಣದಲ್ಲಿ ಮುಚ್ಚಳ ಬಿಚ್ಚಿಡಿ. ಇನ್ನು ನಾಂಟಹೇಲದಂಥ ಅಣೆಕಟ್ಟಿನಿಂದ ಬರುವ ನೀರು ಬೇಸಿಗೆಯಲ್ಲೂ ಕೊರೆಯುವಷ್ಟು ತಣ್ಣಗಿರುತ್ತದೆ. ದಡದಲ್ಲಿ ಊದಿದ ಗಾಳಿ ನೀರಿಗಿಳಿದ ಮೇಲೆ ಕುಗ್ಗಿ ಚೀಲ ಮೆತ್ತಗಾಗುತ್ತದೆ. ಹತ್ತು ನಿಮಿಷ ನೀರಿನಲ್ಲಿಟ್ಟು ಮತ್ತೆ ಊದಿಕೊಂಡು ಹೊರಡಿ.

ಎಲೆಕ್ಟ್ರಿಕ್ ಪಂಪ್ ಬೇಕೇ? 9 ಅಡಿಯ ಮತ್ತು ಅದಕ್ಕಿಂತ ಗಿಡ್ಡ ದೋಣಿಗೆ, 3ನೇ ದರ್ಜೆ (ನೀರಿನ ಕಷ್ಟವನ್ನು 1ರಿಂದ 6ರವರೆಗೆ ಎಣಿಸುತ್ತಾರೆ) ಅಥವಾ ಮೇಲಿನ ನೀರಿಗೆ, ಬೇಕು ಅಂತಲೇ ಹೇಳುತ್ತೇವೆ. ಉದ್ದ ದೋಣಿಯನ್ನು ಎಡ್ಡಿಯಲ್ಲಿ ನಿಲ್ಲಿಸಿ ಚೆಲ್ಲಿಕೊಳ್ಳಬಹುದು. ಸಾಲಾಗಿ ರ‍್ಯಾಪಿಡ್ ಇರುವ ಹಳ್ಳದಲ್ಲಿ ಅಷ್ಟು ಪುರಸೊತ್ತು ಸಿಗುವುದಿಲ್ಲ. ಸಾಮಾನ್ಯವಾಗಿ ಹಾಕುವುದು ಗಂಟೆಗೆ 1100 ಗ್ಯಾಲನ್ ಎಂದು ಬರೆದಿರುವ 12 ವೋಲ್ಟಿನ ದೋಣಿ ಪಂಪ್. ಅದು ನಿಮಿಷಕ್ಕೆ ಸುಮಾರು 69 ಲೀಟರ್ ಆಗಬೇಕು. ಆದರೆ ಪೈಪು ಮೇಲೇರಿ ಬಾಗಿ ಹೋಗುವುದರಿಂದ ಹತ್ತಿರ ಹತ್ತಿರ ಅರ್ಧ ಸಿಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ: 100 ಲೀಟರ್ ಖಾಲಿಯಾಗಲು ಮೂರು ನಿಮಿಷ. ಬ್ಯಾಟರಿ 4–5 ಆಂಪಿಯರ್-ಗಂಟೆಯದು ಒಂದು ದಿನಕ್ಕೆ ಸಾಕು. ಅದನ್ನು ನೀರು ಹೋಗದ ಡಬ್ಬಿಯಲ್ಲಿಟ್ಟು ಸ್ಯಾಡಲ್ಲಿನೊಳಗೆ ಕೂರಿಸಿ, ತಂತಿಗೆ ಫ್ಯೂಸ್ ಹಾಕಿ, ಸ್ವಿಚ್ ಕೈಗೆಟುಕುವ ಹಾಗಿರಲಿ. ಪಂಪ್ ಎಲ್ಲಿ ಕೂರಿಸುವುದು ಎಂದು ಊಹಿಸಬೇಡಿ. ದೋಣಿ ನೀರಿನಲ್ಲಿದ್ದು ನೀವು ಒಳಗೆ ಕೂತಿರುವಾಗ ಒಂದು ಬಕೆಟ್ ನೀರು ಹೊಯ್ಯಿಸಿ, ಅದು ಕೊನೆಗೆ ಎಲ್ಲಿ ನಿಲ್ಲುತ್ತದೋ ಅಲ್ಲಿ. ಪಂಪ್ ಕೆಡುವುದು ಮೋಟಾರಿನಿಂದಲ್ಲ, ಜಾಲರಿಗೆ ಕಟ್ಟಿಕೊಂಡ ಎಲೆ ಮತ್ತು ಸ್ಯಾಡಲ್ ಕತ್ತರಿಸುವಾಗ ಉದುರಿದ ಫೋಮಿನ ಚೂರುಗಳಿಂದ. ಜಾಲರಿ ಬೆರಳಿನಲ್ಲೇ ಬಿಚ್ಚಿ ತೊಳೆಯುವಂತಿರಬೇಕು.

ಮೈ ಯಾವುದರದ್ದು

ರಾಯಲೆಕ್ಸ್ ತಯಾರಿಕೆ 2014ರಲ್ಲಿ ನಿಂತುಹೋಯಿತು. ಅದರ ಜಾಗ ತುಂಬಲು ಎಸ್ಕಿಫ್ ಟಿ-ಫಾರ್ಮೆಕ್ಸ್ ಎಂಬ ಹಾಳೆ ತಯಾರಿಸಿತು. 9 ಅಡಿಯ ಹೊಸ ದೋಣಿಗಳಲ್ಲಿ ಲೆಡ್ಜ್, ಆಕ್ಟೇನ್‌ನಂಥವು ಅಚ್ಚಿನಲ್ಲಿ ತಿರುಗಿಸಿ ಮಾಡಿದ ಪಾಲಿಎಥಿಲೀನ್, ಅಂದರೆ ಕಯಾಕಿನದ್ದೇ ಪ್ಲಾಸ್ಟಿಕ್. ಎಲ್ಲ ಸಜ್ಜು ಹಾಕಿದ ಮೇಲೆ 25–30 ಕೆಜಿ ತೂಗುತ್ತವೆ. ಗಿಡ್ಡ ದೋಣಿ ಎಂದರೆ ಹಗುರ ಎಂದುಕೊಂಡವರಿಗೆ ಹೆಗಲ ಮೇಲೆ ಹೊತ್ತಾಗ ತಿಳಿಯುತ್ತದೆ, ಸಜ್ಜಾದ 11 ಅಡಿಯ ರಾಯಲೆಕ್ಸ್ ದೋಣಿಯೂ ಅಷ್ಟೇ ತೂಗುತ್ತದೆ. ಕೆವ್ಲಾರ್, ಕಾರ್ಬನ್ ದೋಣಿಗಳು ಇದರ ಸುಮಾರು ಅರ್ಧ ತೂಕಕ್ಕೆ ಸಿಗುತ್ತವೆ, ಕಂಬಗಳ ನಡುವೆ ತೂರಿ ಹೋಗುವ ಸ್ಲಾಲಮ್ ಪಂದ್ಯಕ್ಕೂ ನೀರು ತುಂಬಿದ ಹೊಳೆಗೂ ಚೆನ್ನ. ಬಂಡೆ ಉಜ್ಜುವ ಹಳ್ಳಕ್ಕೆ ಬೇಡ.

ಪ್ಲಾಸ್ಟಿಕ್ಕಿನ ಆಯ್ಕೆ ಅಂಟಿನ ಆಯ್ಕೆಯೂ ಹೌದು. ರಾಯಲೆಕ್ಸ್‌ನ ಮೇಲ್ಪದರ ವಿನೈಲ್; ತೊಡೆಪಟ್ಟಿಯ (ತೊಡೆಯನ್ನು ದೋಣಿಗೆ ಬಿಗಿದಿಡುವ ಪಟ್ಟಿ) ಡಿ-ರಿಂಗುಗಳನ್ನು ವಿನೈಲ್ ಅಂಟಿನಿಂದ ಕೂರಿಸಿದರೆ ವರ್ಷಗಟ್ಟಲೆ ಬರುತ್ತವೆ. ಮರಳುಕಾಗದದಿಂದ ಉಜ್ಜಿ, ಆಲ್ಕೋಹಾಲಿನಲ್ಲಿ ಒರೆಸಿ, ಎರಡೂ ಕಡೆ ಎರಡು ಕೋಟ್ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಬಿಸಿಗಾಳಿ ಹಿಡಿದು ಒತ್ತಬೇಕು. ಪಾಲಿಎಥಿಲೀನ್‌ಗೆ ಈ ಅಂಟು ನಿಲ್ಲುವುದೇ ಇಲ್ಲ. ಒಂದೆರಡು ವಾರ ಇದ್ದು, ಸರಿಯಾದ ರ‍್ಯಾಪಿಡ್‌ನಲ್ಲಿ ಪಟ್ಟಿ ಕಿತ್ತು ಬರುತ್ತದೆ. ಅದಕ್ಕೆ ಬೋಲ್ಟ್ ಹಾಕಿದ ಆಂಕರ್ ಅಥವಾ ಅಚ್ಚಿನಲ್ಲೇ ಕೂರಿಸಿಕೊಟ್ಟ ಹಿಡಿಕೆ ಬೇಕು. ಹೊಸ 9 ಅಡಿಯದನ್ನು ಸಜ್ಜಿನ ಸಮೇತವೇ ಕೊಳ್ಳಿ ಎಂದು ಹೇಳಲು ಇದೇ ಮುಖ್ಯ ಕಾರಣ.

ಸ್ಯಾಡಲ್ಲಿನ ಎತ್ತರ 7ರಿಂದ 9 ಇಂಚಿನೊಳಗೆ ಇರುತ್ತದೆ. ಒಂದು ಇಂಚು ಇಳಿಸಿದರೆ ದೋಣಿ ಗಮನಾರ್ಹವಾಗಿ ಭದ್ರವಾಗುತ್ತದೆ, ಕಣಕಾಲು ಮತ್ತು ಮಂಡಿಗೆ ಅಷ್ಟೇ ನೋವು ಹೆಚ್ಚುತ್ತದೆ. ನೆಲದ ಮೇಲೆ ಕುಕ್ಕರಗಾಲು, ಚಕ್ಕಳಮಕ್ಕಳ ಹಾಕಿ ಕೂತು ಬೆಳೆದವರಿಗೆ ತಗ್ಗಿನ ಸ್ಯಾಡಲ್ ಬೇಗ ಒಗ್ಗುತ್ತದೆ. ಗಿಡ್ಡ ದೋಣಿಯಲ್ಲಿ ಸ್ಯಾಡಲ್ಲನ್ನು ಒಂದು ಇಂಚು ಹಿಂದೆಮುಂದೆ ಮಾಡಿದರೂ ವ್ಯತ್ಯಾಸ ತಿಳಿಯುತ್ತದೆ. ಆದ್ದರಿಂದ ಅಂಟು ಹಾಕುವ ಮುಂಚೆ ಪಟ್ಟಿಯಿಂದ ತಾತ್ಕಾಲಿಕವಾಗಿ ಬಿಗಿದು, ನಿಂತ ನೀರಿನಲ್ಲಿ ಕೂತು, ಇನ್ನೊಬ್ಬರಿಂದ ಎರಡೂ ತುದಿಗಳ ಎತ್ತರ ಅಳೆಸಿ. ಮೂತಿ ಸಮ ಅಥವಾ ಕೂದಲೆಳೆಯಷ್ಟು ಹಗುರ ಇರಬೇಕು. ಹಿಂದಕ್ಕೆ ಭಾರ ಜಾಸ್ತಿಯಾದರೆ ಎಡ್ಡಿಯ ಅಂಚಿನಲ್ಲಿ ಹಿಂತುದಿ ಸಿಕ್ಕಿ ದೋಣಿ ಎದ್ದು ನಿಲ್ಲುತ್ತದೆ.

ತೊಡೆಪಟ್ಟಿ ಎಷ್ಟು ಬಿಗಿ ಇರಲಿ, ಹುಟ್ಟು ಬಿಡದೆ ಒಂದೇ ಕೈಯಲ್ಲಿ ಎಳೆದು ಬಿಚ್ಚುವಂತಿರಬೇಕು. ಕೆರೆಯಲ್ಲಿ ಮಗುಚಿಕೊಂಡು ಇದನ್ನು ಅಭ್ಯಾಸ ಮಾಡಿ. ದಪ್ಪ ಸೋಲಿನ ಬೂಟು ಸ್ಯಾಡಲ್ಲಿನ ಪಕ್ಕದಲ್ಲಿ ಸಿಕ್ಕಿಕೊಳ್ಳುತ್ತದೆ. ಗಿಡ್ಡ ದೋಣಿಯಲ್ಲಿ ಚೀಲವೂ ಹತ್ತಿರವಿರುವುದರಿಂದ ಇದು ಇನ್ನೂ ಇಕ್ಕಟ್ಟು. ಕೊಳ್ಳಲು ಹೋಗುವಾಗ ಹೊಳೆಗೆ ಹಾಕುವ ಬೂಟನ್ನೇ ಹಾಕಿಕೊಂಡು ಹೋಗಿ.

ಯಾವ ನೀರಿಗೆ ಯಾವುದು

ಮೊದಲ ದೋಣಿ, 2ನೇ ದರ್ಜೆಯ ನೀರು, ನಾಂಟಹೇಲ ಅಥವಾ ಮ್ಯಾಡವಾಸ್ಕದ ಪಾಮರ್ ರ‍್ಯಾಪಿಡ್ಸ್‌ನಂಥ ಕಡೆ ಕಲಿಕೆ: ದುಂಡು ಮೂಲೆಯ 11–12 ಅಡಿಯ ಹಳೆಯ ದೋಣಿ. ಔಟ್‌ರೇಜ್ ಅಥವಾ ಪ್ರೋಬ್ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಯೋಚಿಸಬೇಡಿ. ಎರಡು ಬೇಸಿಗೆ ಓಡಿಸಿ ಅದೇ ಬೆಲೆಗೆ ಮಾರಬಹುದು.

3ನೇ ದರ್ಜೆಯಲ್ಲಿ ಎಡ್ಡಿಯಿಂದ ಎಡ್ಡಿಗೆ ಹಾರುತ್ತಾ, ಅಲೆಯಲ್ಲಿ ಆಡುತ್ತಾ ಇಳಿಯುವ ಆಸೆಯಿದ್ದರೆ 9 ಅಡಿಯದು. 1996ರ ಒಲಿಂಪಿಕ್ ಸ್ಲಾಲಮ್ ಓಕೋಯಿ ಹೊಳೆಯ ಮೇಲ್ಭಾಗದಲ್ಲಿ ನಡೆದಿತ್ತು; ಅದೇ ಹೊಳೆಯ ನಡುಭಾಗ ಇದಕ್ಕೆ ಹೇಳಿ ಮಾಡಿಸಿದ ನೀರು: ಅಣೆಕಟ್ಟಿನಿಂದ ಬಿಡುವ ನೀರಾದ್ದರಿಂದ ಮಟ್ಟ ಮೊದಲೇ ಗೊತ್ತಿರುತ್ತದೆ, ರ‍್ಯಾಪಿಡ್‌ಗಳು ಒಂದರ ಹಿಂದೆ ಒಂದು. ಪಂಪ್ ಇಲ್ಲದೆ ಹೋಗಬೇಡಿ. ಜಾರ್ಜಿಯ-ದಕ್ಷಿಣ ಕ್ಯಾರೊಲಿನ ಗಡಿಯ ಚಟ್ಟೂಗ ಹೊಳೆಯ ಮೂರನೆಯ ಸೆಕ್ಷನ್ನಿನಲ್ಲಿ ಲೆಕ್ಕ ಬೇರೆ. ಅಲ್ಲಿ ರ‍್ಯಾಪಿಡ್‌ಗಳ ನಡುವೆ ಉದ್ದುದ್ದ ನಿಂತ ನೀರಿದೆ. ಚುರುಕಾದ 11 ಅಡಿಯದು ದಿನದ ಕೊನೆಗೆ, ಬುಲ್ ಸ್ಲೂಸ್ ಎಂಬ ಕೊನೆಯ ರ‍್ಯಾಪಿಡ್ ಮುಟ್ಟುವ ಹೊತ್ತಿಗೆ, ತೋಳಿನಲ್ಲಿ ಬಲ ಉಳಿಸುತ್ತದೆ. ಕೆನಡಾದ ಒಟ್ಟಾವ ಹೊಳೆಯಂಥ ದೊಡ್ಡ ನೀರಿನಲ್ಲಿ ಗಿಡ್ಡ ದೋಣಿ ಅಲೆಗಳ ಮೇಲೆ ಬೆಂಡಿನಂತೆ ಏರಿಳಿದು ಬಹಳ ಮಟ್ಟಿಗೆ ಒಣಗಿರುತ್ತದೆ. ಆದರೆ ನೀರು ಬಿದ್ದು ತನ್ನ ಮೇಲೇ ಮಡಚಿಕೊಳ್ಳುವ ದೊಡ್ಡ ಹೋಲ್ ಒಂದನ್ನು ಸೀಳಿ ದಾಟುವ ಓಟ ಅದಕ್ಕಿಲ್ಲ. ಅಂಥವನ್ನು ದೂರದಿಂದಲೇ ಗುರುತಿಸಿ ತಪ್ಪಿಸಿಕೊಳ್ಳಬೇಕು.

8.5 ಅಡಿ ಬೇಕಾಗುವುದು ಕಡಿದಾದ ಹಳ್ಳಕ್ಕೆ ಮಾತ್ರ, ಅದೂ 4ನೇ ದರ್ಜೆಯ ನೀರನ್ನು ಬೇರೆ ದೋಣಿಯಲ್ಲಿ ಇಳಿದ ಮೇಲೆ. ಎತ್ತರದಿಂದ ನೊರೆಯಿಲ್ಲದ ನೀರಿಗೆ ಸಪಾಟಾಗಿ ಬಿದ್ದರೆ ಆ ಹೊಡೆತ ಮಂಡಿಯಿಂದ ಬೆನ್ನುಮೂಳೆಗೆ ನೇರವಾಗಿ ಏರುತ್ತದೆ. ಅಲ್ಲಿ ಮೂತಿಯನ್ನು ಸ್ವಲ್ಪ ಓರೆಯಾಗಿ ಇಳಿಸಬೇಕು. ಈ ನಿರ್ಧಾರ ಅಂಚಿನಲ್ಲಿ ನಿಂತಾಗ ತಾನಾಗಿ ಬರುವಷ್ಟು ಅನುಭವವಿದ್ದರೆ ಈ ಗುಂಪಿಗೆ ಬನ್ನಿ.

ಕರ್ನಾಟಕದ ನೀರಿನ ಬಗ್ಗೆ ಕೇಳುವವರಿದ್ದಾರೆ. ಸೂಪಾ ಅಣೆಕಟ್ಟಿನ ಕೆಳಗೆ ಗಣೇಶಗುಡಿಯ ಬಳಿಯ ಕಾಳಿಗೆ 9ರಿಂದ 11 ಅಡಿಯ ಯಾವುದೂ ಹೊಂದುತ್ತದೆ. ಕೊಡಗಿನಲ್ಲಿ ಮಳೆಗಾಲದ ಬರಪೊಳೆ ಕಡಿದಾದ ಹೊಳೆ, ಅಲ್ಲಿಗೆ 9 ಅಡಿಯದೇ ಸರಿ. ಆದರೆ ಈ ಎರಡೂ ಕಡೆ ಓಡುವುದು ರ‍್ಯಾಫ್ಟ್, ಒಂದಿಷ್ಟು ಕಯಾಕ್. ಓಸಿ-1 ವಿಮಾನದ ಲಗೇಜಿನಲ್ಲಿ ಬರುವ ವಸ್ತುವೂ ಅಲ್ಲ. ಇಲ್ಲಿದ್ದುಕೊಂಡು ಕಲಿಯಬೇಕೆನ್ನುವವರಿಗೆ ಸದ್ಯಕ್ಕೆ ಕಯಾಕ್‌ನಲ್ಲಿ ಎಡ್ಡಿ, ವಾಲಿಸುವಿಕೆ, ಹೊಳೆ ಓದುವುದನ್ನು ಕಲಿಯುವುದೇ ದಾರಿ. ಅದರಲ್ಲಿ ಹುಟ್ಟಿನ ಎಳೆತ ಬಿಟ್ಟರೆ ಉಳಿದದ್ದೆಲ್ಲ ಕೆನೂವಿಗೆ ಬರುತ್ತದೆ.

ಹಳೆಯದನ್ನು ಕೊಳ್ಳುವಾಗ

ರಾಯಲೆಕ್ಸ್ ದೋಣಿಯ ಸವೆತ ಮೊದಲು ಕಾಣುವುದು ಹಿಂತುದಿಯ ಅಡಿಯಲ್ಲಿ. ಹೊರಗಿನ ಬಣ್ಣದ ವಿನೈಲ್ ಹೋಗಿ ಒಳಗಿನ ಗಟ್ಟಿ ಪದರ ಬೇರೆ ಬಣ್ಣದಲ್ಲಿ ಕಂಡರೆ ಚಿಂತೆಯಿಲ್ಲ, ಮೇಲೆ ತಟ್ಟೆ ಅಂಟಿಸಬಹುದು. ಅದೂ ಸವೆದು ಸ್ಪಂಜಿನಂಥ ನಡುಪದರ ಇಣುಕುತ್ತಿದ್ದರೆ ಬೆಲೆ ಚೌಕಾಸಿ ಮಾಡಿ, ಇಲ್ಲವೇ ಬಿಟ್ಟುಬಿಡಿ. ಮರದ ಅಂಚುಪಟ್ಟಿಯಿದ್ದ ದೋಣಿಯನ್ನು ಕೊರೆಯುವ ಚಳಿಗಾಲದಲ್ಲಿ ಹೊರಗಿಟ್ಟಿದ್ದರೆ ಸ್ಕ್ರೂ ತೂತುಗಳಿಂದ ಕೆಳಮುಖವಾಗಿ ಸೀಳು ಬಿಟ್ಟಿರುತ್ತದೆ: ಚಳಿಗೆ ಪ್ಲಾಸ್ಟಿಕ್ ಮರಕ್ಕಿಂತ ಹೆಚ್ಚು ಕುಗ್ಗುತ್ತದೆ, ಸ್ಕ್ರೂ ಬಿಡುವುದಿಲ್ಲ, ಮೈ ಸೀಳುತ್ತದೆ. ಪಟ್ಟಿಯ ಒಳಗಡೆಯಿಂದ ಟಾರ್ಚ್ ಹಿಡಿದು ನೋಡಿ. ಸ್ಯಾಡಲ್ಲಿನ ಪಕ್ಕದ ಅಡಿಯನ್ನು ಮಂಡಿಯಿಂದ ಒತ್ತಿ. ಡಬಕ್ಕನೆ ಒಳಗೆ ಹೋಗಿ ಹೊರಗೆ ಬಂದರೆ ಅಡಿ ಸೋತಿದೆ.

ಪಾಲಿಎಥಿಲೀನ್ ದೋಣಿಯಲ್ಲಿ ತಗ್ಗು ಇದ್ದರೆ ಹೆದರಬೇಕಿಲ್ಲ. ಕಾರಿನ ಮೇಲೆ ಬಿಸಿಲಿನಲ್ಲಿ ಬಿಗಿಯಾಗಿ ಕಟ್ಟಿದ್ದರಿಂದ ಬಂದ ತಗ್ಗು ಕಟ್ಟು ಬಿಚ್ಚಿ ಬಿಸಿಲಿಗಿಟ್ಟರೆ ಬಹುಪಾಲು ತಾನೇ ಹೋಗುತ್ತದೆ. ಬಿರುಕು ಇದ್ದರೆ ಮಾತ್ರ ಯಾವ ಬಗೆಯ ಪ್ಲಾಸ್ಟಿಕ್ ಎಂದು ಕೇಳಿ ತಿಳಿಯಿರಿ: ಸಾದಾ ಲೀನಿಯರ್ ಬಗೆಯನ್ನು ಬಿಸಿ ಮಾಡಿ ಬೆಸೆಯಬಹುದು, ಕ್ರಾಸ್‌ಲಿಂಕ್ ಬಗೆಯದು ಕರಗುವುದಿಲ್ಲವಾದ್ದರಿಂದ ಬೆಸುಗೆ ಕೂರುವುದಿಲ್ಲ. ಮಾರುವವರು ಜೊತೆಗೆ ಕೊಡುವ ಚೀಲಗಳನ್ನು ಅಲ್ಲೇ ಊದಿ, ದೋಣಿ ನೋಡಿ ಮುಗಿಸುವವರೆಗೆ ಬಿಟ್ಟು, ಹೊರಡುವ ಮುಂಚೆ ಇನ್ನೊಮ್ಮೆ ಒತ್ತಿ ನೋಡಿ. ಮೆತ್ತಗಾಗಿದ್ದರೆ ಹೊಸ ಜೋಡಿ ಚೀಲದ ಬೆಲೆಯನ್ನು ದೋಣಿಯ ಬೆಲೆಯಲ್ಲಿ ಕಳೆಯಲು ಹೇಳಿ.